ನಮ್ಮ ಹವಳಕ್ಕೆ ಜ್ವರ ಬಂದದ್ದು

ಕೆಲವರ ಮನೆಗೆ ನೆಂಟರು ಹುಡುಕಿಕೊಂಡು ಬರುತ್ತಾರೆ, ನಮ್ಮ ಮನೆಗೆ ಎಡವಟ್ಟುಗಳು ಬರುತ್ತವೆ. ಕರೆಯೋದೂ ಬೇಡ, ವಿಳಾಸ ಹೇಳೋದೂ ಬೇಡ. ನಾನು ಬಿಡದಿ ಕಡೆ ಒಂದು ಕಾರು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೀನಿ. ಅಲ್ಲಿ ಎಡವಟ್ಟಾದರೆ ಕೆಂಪು ದೀಪ ಹತ್ತುತ್ತೆ, ಲೈನು ನಿಲ್ಲುತ್ತೆ, ಜನ ಓಡಿ ಬರ್ತಾರೆ. ರಾಮನಗರದ ನಮ್ಮ ಮನೆಯಲ್ಲಿ ಕೆಂಪು ದೀಪ ಅಂದರೆ ನನ್ನ ಹೆಂಡತಿಯ ಮುಖ. ಅದು ಹತ್ತಿದ ಮೇಲೆ ಯಾರೂ ಓಡಿ ಬರಲ್ಲ, ಇದ್ದವರೂ ಓಡಿ ಹೋಗ್ತಾರೆ.

೧. ಜೀವ ಇರೋ ಕಲ್ಲು

ನನಗೊಂದು ಹುಚ್ಚು. ಮನೆಯೊಳಗೆ ಸಮುದ್ರ ಇಟ್ಟುಕೊಳ್ಳಬೇಕು ಅನ್ನೋ ಹುಚ್ಚು. ಗಾಜಿನ ಟ್ಯಾಂಕು, ಅದರಲ್ಲಿ ಉಪ್ಪುನೀರು, ಬಣ್ಣದ ಮೀನು, ಕಲ್ಲು, ಆ ಕಲ್ಲಿನ ಮೇಲೆ ಬೆಳೆಯೋ ಹವಳ. ಹವಳ ಅಂದರೆ ಉಂಗುರಕ್ಕೆ ಹಾಕಿಸ್ತಾರಲ್ಲ, ಆ ಕೆಂಪು ಹರಳು ಅಂದ್ಕೋಬೇಡಿ. ಇದಕ್ಕೆ ಜೀವ ಇದೆ. ನಮ್ಮನೆಯದು ನೋಡೋಕೆ ದಪ್ಪ ಅಣಬೆ ಥರ, ತಲೆ ತುಂಬ ಸಣ್ಣ ಸಣ್ಣ ಕೂದಲು. ನೀರು ಆಡಿದ ಹಾಗೆ ಆ ಕೂದಲೂ ಆಡುತ್ತೆ. ಶಿಫ್ಟ್ ಮುಗಿಸಿ ಬಂದು ಕಾಫಿ ಲೋಟ ಹಿಡಿದು ಅದರ ಮುಂದೆ ಕೂತರೆ, ಆಹಾ, ದಿನದ ಸುಸ್ತೆಲ್ಲ ಇಳಿದುಹೋಗುತ್ತೆ.

ಟ್ಯಾಂಕಿಗೆ ಹಾಕೋ ಕಲ್ಲನ್ನ ಬೆಂಗಳೂರಿನ ಅಂಗಡಿಯಿಂದ ತಂದೆ. ಬಸ್‌ ಸ್ಟ್ಯಾಂಡಿನಿಂದ ಆಟೋದಲ್ಲಿ ತಂದು ಮನೆ ಮುಂದೆ ಇಳಿಸ್ತಾ ಇದ್ದೆ. ಎದುರು ಮನೆಯವನು ಚಪ್ಪಡಿ ಕಲ್ಲಿನ ವ್ಯಾಪಾರಿ. ನನಗೂ ಅವನಿಗೂ ಲೇ, ಗೀಲೇ ಅನ್ನೋಷ್ಟು ಸಲುಗೆ. ಕೈ ಕಟ್ಕೊಂಡು ಬಂದು ನಿಂತ.

"ಏನ್ಲಾ ಅದು?"

"ಕಲ್ಲು."

"ದುಡ್ಡು ಕೊಟ್ಟು ತಂದ್ಯಾ?"

"ಹೂಂ ಕಣ್ಲಾ."

ಅವನು ಒಂದು ಸಲ ನನ್ನ ನೋಡಿದ, ಒಂದು ಸಲ ಊರ ಸುತ್ತ ಇರೋ ಬೆಟ್ಟಗಳನ್ನ ನೋಡಿದ. "ಲೇ, ತಲೆ ಎತ್ತಿದ್ರೆ ಬಂಡೆ, ತಲೆ ಬಗ್ಸುದ್ರೆ ಬಂಡೆ. ಈ ಊರಿಗೆ ಬೆಂಗಳೂರಿಂದ ಕಲ್ಲು ತಂದವ್ನು ನೀನೊಬ್ನೇ ಕಣ್ಲಾ!"

ನನಗೆ ರೇಗಿತು. "ಇದು ಅಂಥಿಂಥ ಕಲ್ಲಲ್ಲ. ಸಮುದ್ರದ್ದು. ಇದಕ್ಕೆ ಜೀವ ಐತೆ," ಅಂದೆ.

"ಜೀವ ಐತಾ? ಮತ್ತೆ ಆಟೋ ಯಾಕ್ಲಾ, ನಡ್ಕೊಂಡೇ ಬತ್ತಿತ್ತಲ್ಲ!"

೨. ಅಣಬೆ ಮುದುರಿತು

ಒಂದು ಸೋಮವಾರ ಬೆಳಗ್ಗೆ ನೋಡ್ತೀನಿ, ಹವಳ ಮುದುರಿಕೊಂಡು ಕೂತಿದೆ. ಕೂದಲೆಲ್ಲ ಒಳಕ್ಕೆ ಎಳ್ಕೊಂಡಿದೆ. ಮೈಮೇಲೆ ಮೇಣ ಬಳಿದ ಹಾಗೆ ಹೊಳಪು. ಗಾಜು ತಟ್ಟಿ ನೋಡಿದೆ, ಅಲ್ಲಾಡಲಿಲ್ಲ.

ನನ್ನ ಹೆಂಡತಿ ಬ್ಲೌಸ್ ಹೊಲಿದು ಕೊಡ್ತಾಳೆ. ಅವಳ ಹೊಲಿಗೆ ಮೆಷಿನ್ನು ರೂಮಿನಲ್ಲಿ ಬೀರು, ಮಂಚದ ಮಧ್ಯೆ ಸಿಕ್ಕಿಕೊಂಡಿದೆ. ಹಾಲ್‌ನಲ್ಲಿ ಬೆಳಕು ಬೀಳೋ ಗೋಡೆಯನ್ನ ನನ್ನ ಸಮುದ್ರ ಹಿಡ್ಕೊಂಡಿದೆ. ಹಾಗಾಗಿ ಅವಳ ಕಣ್ಣು ಮೊದಲಿಂದ್ಲೂ ಆ ಗೋಡೆ ಮೇಲೇ.

"ರೀ, ನಿಮ್ಮ ಅಣಬೆ ಯಾಕೋ ಸಪ್ಪಗೈತೆ," ಅಂದಳು.

"ಸರಿ ಹೋಗುತ್ತೆ ಬಿಡೇ."

"ಸರಿ ಹೋದ್ರೆ ಇರ್ಲಿ. ಸತ್ರೆ ಮಾತ್ರ ಟ್ಯಾಂಕು ಮಾರ್ಬುಡಿ, ಆ ಗೋಡೆಗೆ ನನ್ನ ಮೆಷಿನ್ನು. ಈಗ್ಲೇ ಹೇಳಿದೀನಿ, ಆಮೇಲೆ ಮುಖ ಊದಿಸ್ಕೋಬಾರ್ದು."

ನ್ಯಾಯವಾದ ಮಾತೇ. ಅದಕ್ಕೇ ನನಗೆ ಇನ್ನೂ ಭಯ ಆದದ್ದು. ಅಂಗಡಿಯವನಿಗೆ ಫೋಟೋ ಕಳಿಸಿ ಫೋನ್ ಮಾಡಿದೆ. ಅವನು ಆರಾಮಾಗಿ, "ಏನೂ ಮಾಡ್ಬೇಡಿ ಸಾರ್. ಈ ಜಾತಿ ಹವಳ ಆಗಾಗ ಮುದುರ್ಕೊಳುತ್ತೆ. ಸುಮ್ನೆ ಬಿಟ್ಬಿಡಿ. ಹಂಗೂ ಬದುಕಲಿಲ್ಲ ಅಂದ್ರೆ ಬೇರೆ ಕೊಡ್ತೀನಿ," ಅಂದ.

ಏನೂ ಮಾಡಬೇಡಿ ಅಂತೆ! ಫ್ಯಾಕ್ಟರಿಯಲ್ಲಿ ಇಷ್ಟು ವರ್ಷ ಕೈಯಲ್ಲಿ ಸ್ಪ್ಯಾನರ್ ಹಿಡಿದವನಿಗೆ ಹೇಳೋ ಮಾತಾ ಇದು? ನೀರು ಬದಲಾಯಿಸಿದೆ. ಲೈಟು ಮೇಲೆ ಎತ್ತಿದೆ, ಕೆಳಗೆ ಇಳಿಸಿದೆ. ನೀರು ಆಡಿಸೋ ಮೋಟರು ತಿರುಗಿಸಿ ಇಟ್ಟೆ. ಹವಳ ಜಪ್ಪಯ್ಯ ಅನ್ನಲಿಲ್ಲ. ಎದುರು ಮನೆಯವನು ಬಾಗಿಲಲ್ಲಿ ನಿಂತು, "ಸಮುದ್ರದ್ ಕಲ್ಲು ಸೀಕು ಕಲ್ಲು ಕಣ್ಲಾ. ನಮ್ ಬೆಟ್ಟದ್ದು ಒಂದು ಹಾಕು, ಎದ್ ಕೂತ್ಕತದೆ," ಅಂದ. ಹೇಳಿದ್ದಲ್ಲದೆ ಸಂಜೆ ಹೊತ್ತಿಗೆ ಒಂದು ರುಬ್ಬುಗುಂಡಿನಂಥ ಕಲ್ಲು ತಂದೂ ಇಟ್ಟ. ಈಗ ಅದು ನಮ್ಮ ಬಾಗಿಲಿಗೆ ಒತ್ತು ಕೊಡೋಕೆ ಆಗ್ತಿದೆ.

೩. ಐದನೇ ಯಾಕೆ

ನಮ್ಮ ಫ್ಯಾಕ್ಟರಿಯಲ್ಲಿ ಒಂದು ಪದ್ಧತಿ. ಏನಾದ್ರೂ ಕೆಟ್ಟರೆ 'ಯಾಕೆ?' ಅಂತ ಕೇಳಬೇಕು. ಬಂದ ಉತ್ತರಕ್ಕೆ ಮತ್ತೆ 'ಯಾಕೆ?' ಹೀಗೆ ಐದು ಸಲ ಕೇಳಿದರೆ ಮೂಲ ಕಾರಣ ಸಿಕ್ಕೇ ಸಿಗುತ್ತೆ ಅಂತ ಟ್ರೈನಿಂಗಿನಲ್ಲಿ ಹೇಳ್ಕೊಟ್ಟಿದ್ದರು. ಮನಸ್ಸಿನಲ್ಲಿ ಕೇಳಬಾರದು, ಬಾಯಿಬಿಟ್ಟೇ ಕೇಳಬೇಕು.

ಸರಿ, ಟ್ಯಾಂಕಿನ ನೀರು ಪರೀಕ್ಷೆ ಮಾಡಿ, ಅದರ ಮುಂದೆ ನಿಂತು ಶುರು ಮಾಡಿದೆ. "ಹವಳ ಮುದುರಿದೆ. ಯಾಕೆ? ನೀರಿನಲ್ಲಿ ಉಪ್ಪು ಜಾಸ್ತಿ ಆಗಿದೆ. ಯಾಕೆ?"

ಉತ್ತರ ಅಡುಗೆಮನೆಯಿಂದ ಬಂತು. "ನೀರು ಆರಿ ಕಮ್ಮಿ ಆಗೈತಲ್ಲ, ಉಪ್ಪು ಜಾಸ್ತಿ ಆಗ್ದೆ ಏನಾಗ್ತದೆ? ಸಾರು ಕುದ್ದು ಇಂಗುದ್ರೆ ಉಪ್ಪಾಗಲ್ವಾ?"

ಭೇಷ್, ಹೆಂಡತಿಗೂ ಟ್ರೈನಿಂಗ್ ಹತ್ತಿದೆ ಅಂತ ಖುಷಿಯಾಯ್ತು. "ನೀರು ಆರಿದ್ದು ಯಾಕೆ?"

"ಫ್ಯಾನು ಹಗಲೂ ರಾತ್ರಿ ಓಡ್ತೈತಲ್ಲ."

"ಫ್ಯಾನು ಹಗಲೂ ರಾತ್ರಿ ಯಾಕೆ?"

"ನಮ್ಮವ್ವ ಹಾಲ್‌ನಲ್ಲಿ ಮಲಗ್ತದಲ್ಲ, ಸೆಕೆ."

ಅಭ್ಯಾಸ ಬಲ ನೋಡಿ. ಟ್ಯಾಂಕಿನ ಮೇಲೆ ಇಟ್ಟ ಕಣ್ಣು ತೆಗೀದೆ, ಗಟ್ಟಿಯಾಗಿ ಕೇಳೇಬಿಟ್ಟೆ. "ಅತ್ತೆ ಇಲ್ಲಿ ಯಾಕೆ?"

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಹಿಂದೆ ತಿರುಗಿ ನೋಡಿದರೆ ಅತ್ತೆ. ಕುದೂರು ಕಡೆ ಹಳ್ಳಿಯವರು, ರೇಷ್ಮೆ ಹುಳ ಸಾಕಿ ಜೀವನ ತೇಯ್ದವರು. ಒಂದು ಬೆಳೆ ಮುಗಿಸಿ ಮಗಳ ಮನೆಯಲ್ಲಿ ಒಸಿ ದಿನ ಇದ್ದು ಹೋಗೋಣ ಅಂತ ಬಂದಿದ್ದರು. ಎಲೆ ಅಡಿಕೆ ಕೈಯಲ್ಲೇ ಹಿಡ್ಕೊಂಡು, "ಮಗಾ, ನನ್ ಚೀಲ ಎಲ್ಲಿಟ್ಟೆ?" ಅಂತ ಮಗಳನ್ನ ಕೇಳಿದರು.

ಕಾಲಿಗೆ ಬೀಳೋದೊಂದು ಬಾಕಿ. ಅಲ್ಲ ಅತ್ತೆ, ಫ್ಯಾಕ್ಟರಿ ಪದ್ಧತಿ ಅತ್ತೆ, ನಿಮ್ಮನ್ನಲ್ಲ ಅತ್ತೆ, ಹವಳವನ್ನ ಕೇಳಿದ್ದು ಅತ್ತೆ ಅಂತ ಬೇಡಿಕೊಂಡೆ. ಅವರು ನಕ್ಕರು, ಹೆಂಡತಿ ನಗಲಿಲ್ಲ. ಉಪ್ಪು ಸರಿ ಮಾಡಿದೆ. ಹವಳ ಮಾತ್ರ ಹಾಗೇ ಇತ್ತು. ಐದನೇ ಯಾಕೆಗೆ ಮೂಲ ಕಾರಣ ಸಿಗುತ್ತೆ ಅಂತ ಹೇಳ್ಕೊಟ್ಟಿದ್ದರು. ಸಿಕ್ಕಿದ ಕಾರಣ ಹಿಂದೇನೇ ನಿಂತಿರುತ್ತೆ ಅಂತ ಹೇಳ್ಕೊಟ್ಟಿರಲಿಲ್ಲ.

೪. ಅವಳ

ನಮ್ಮ ಕಡೆಯವರ ನಾಲಿಗೆಗೂ ಹಕಾರಕ್ಕೂ ಆಗಿಬರಲ್ಲ. ಹಾಲು ಆಲು, ಹಣ್ಣು ಅಣ್ಣು. ಗಾಬರಿಯಾದರಂತೂ ನನ್ನ ಬಾಯಿಂದ ಒಂದು ಹಕಾರವೂ ಆಚೆ ಬರಲ್ಲ. ಅಂಥ ಗಾಬರಿಯಲ್ಲಿ ರಜ ಕೇಳೋಕೆ ಸೂಪರ್‌ವೈಸರಿಗೆ ಫೋನ್ ಮಾಡಿದೆ. ಅವರು ಲೈನಿನ ಪಕ್ಕದಲ್ಲೇ ನಿಂತಿದ್ದರು ಅಂತ ಕಾಣುತ್ತೆ, ಗಡಗಡ ಸದ್ದು.

"ಸಾರ್, ಅವಳಕ್ಕೆ ಉಷಾರಿಲ್ಲ."

"ಅವಳಿಗಾ? ಅಯ್ಯೋ, ಏನಾಯ್ತಯ್ಯಾ?"

"ಸೋಮವಾರದಿಂದ ಮುದುರ್ಕೊಂಡು ಕೂತೈತೆ ಸಾರ್. ಏನೂ ತಿಂತಿಲ್ಲ."

ನಮ್ಮ ಕಡೆ ಹೆಂಡತಿ ವಿಷಯಾನೂ 'ಐತೆ', 'ಕೂತದೆ' ಅಂತಲೇ ಹೇಳೋದು. ಅವರಿಗೆ ಅನುಮಾನ ಬರೋದಾದ್ರೂ ಹೇಗೆ?

"ಡಾಕ್ಟರಿಗೆ ತೋರಿಸಿದ್ಯಾ?"

"ಅಂಗಡಿಯವನಿಗೆ ಫೋಟೋ ಕಳ್ಸಿದೀನಿ ಸಾರ್."

"ಯಾವ ಅಂಗಡಿಯವನು?"

"ತಗೊಂಡು ಬಂದಿದ್ನಲ್ಲ ಸಾರ್, ಆ ಅಂಗಡಿಯವನು. ಬದುಕದೇ ಇದ್ರೆ ಬೇರೆ ಕೊಡ್ತೀನಿ ಅಂದವ್ನೆ."

ಅವರು ಲೈನು ಬಿಟ್ಟು ಈಚೆ ಬಂದರು ಅಂತ ಕಾಣುತ್ತೆ, ಗಡಗಡ ಸದ್ದು ದೂರ ಆಯ್ತು. ಆಮೇಲೆ ಸಣ್ಣ ದನಿಯಲ್ಲಿ, "ನಿನ್ ತಲೆ ಸರಿ ಇಲ್ಲ ಕಣಯ್ಯ. ಮನೇಲೇ ಇರು," ಅಂದು ಫೋನ್ ಇಟ್ಟರು.

ಸಂಜೆ ಬಾಗಿಲು ಬಡಿದ ಸದ್ದು. ನನ್ನ ಹೆಂಡತಿ ಮುದ್ದೆ ತಿರುವ್ತಾ ಇದ್ದವಳು, ಕೋಲು ಕೈಯಲ್ಲೇ ಹಿಡಿದು ಹೋಗಿ ಬಾಗಿಲು ತೆಗೆದಳು. ಹೊರಗೆ ಸೂಪರ್‌ವೈಸರು, ಹಿಂದೆ ನಮ್ಮ ಲೈನಿನ ಹುಡುಗರು. ಕೈಯಲ್ಲಿ ಎಳನೀರು, ಮೂಸಂಬಿ, ಬ್ರೆಡ್ಡು. ಅವಳ ಕೆಂಪು ಕೆನ್ನೆ, ಕೈಯಲ್ಲಿ ಮುದ್ದೆ ಕೋಲು ನೋಡಿ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

"ಹೇಗಿದ್ದೀಯಮ್ಮ?" ಅಂದರು ಸೂಪರ್‌ವೈಸರು.

"ನನಗೇನಾಗೈತೆ? ಗುಂಡುಕಲ್ಲಂಗಿದೀನಿ."

ವಿಷಯ ಎಲ್ಲ ಬಿಡಿಸಿ ಹೇಳೋ ಹೊತ್ತಿಗೆ ಎದುರು ಮನೆಯವನೂ ಬಂದು ಸೇರಿ, ಹೊಟ್ಟೆ ಹಿಡ್ಕೊಂಡು ನಗ್ತಾ ಇದ್ದ. ಅಂಗಡಿಯವನು ಬೇರೆ ಕೊಡ್ತಾನೆ ಅನ್ನೋ ಮಾತು ಕೇಳಿ ಸೂಪರ್‌ವೈಸರು ಪೊಲೀಸರಿಗೆ ಹೇಳೋದಾ ಬೇಡವಾ ಅಂತ ಮಧ್ಯಾಹ್ನ ಎಲ್ಲ ಒದ್ದಾಡಿದ್ದರಂತೆ. ಬ್ರೆಡ್ಡನ್ನ ನನ್ನ ಕೈಗೆ ಕೊಟ್ಟು ಹೊರಟರು. ನನ್ನ ಹೆಂಡತಿ ಅವರನ್ನ ಗೇಟಿನ ತನಕ ಬಿಟ್ಟು ಬಂದು, ಮೂಸಂಬಿ ಸುಲಿಯುತ್ತಾ, "ರೀ, ಆ ಅಂಗಡಿ ವಿಳಾಸ ನನಗೂ ಒಸಿ ಕೊಡಿ. ಅಲ್ಲಿ ಗಂಡಂದಿರನ್ನೂ ಬದಲಾಯಿಸಿ ಕೊಡ್ತಾರಾ ಕೇಳ್ಬೇಕು," ಅಂದಳು.

೫. ಜ್ವರ

ಭಾನುವಾರದ ಹೊತ್ತಿಗೆ ನನ್ನ ಧೈರ್ಯ ಉಡುಗಿಹೋಗಿತ್ತು. ಹೆಂಡತಿ ಆಗಲೇ ಟೇಪು ಹಿಡಿದು ಗೋಡೆ ಅಳತೆ ತಗೊಂಡಿದ್ದಳು. ನಿಜ ಹೇಳ್ತೀನಿ, ಅಳು ಬರೋ ಹಾಗಾಯ್ತು. ಬೇರೆ ಹವಳ ಸಿಗಬಹುದು, ಈ ಹವಳ ಸಿಗಲ್ಲ. ಹೇಗಾದ್ರೂ ಮಾಡಿ ಉಳಿಸ್ಕೋಬೇಕು ಅಂತ ತೀರ್ಮಾನಿಸಿದೆ. ಈಚೆ ತೆಗೆದು, ಔಷಧಿ ನೀರಿನಲ್ಲಿ ಮುಳುಗಿಸಿ, ಕೆಟ್ಟ ಜಾಗ ಕತ್ತರಿಸಿ ತೆಗೆಯೋದು. ಬ್ಲೇಡು ಪಕ್ಕದಲ್ಲಿಟ್ಟು, ತೋಳು ಮಡಿಸಿ, ಟ್ಯಾಂಕಿಗೆ ಕೈ ಹಾಕಿದೆ.

ಛಟೀರ್ ಅಂತ ಕೈಗೆ ಒಂದು ಏಟು ಬಿತ್ತು. ಅತ್ತೆ!

"ಏನ್ ಮಾಡ್ತಿದೀರಿ ಅಳಿಯಂದ್ರೇ? ಅದಕ್ಕೆ ಜ್ವರ!"

ನಾನು ಟ್ಯಾಂಕಿನ ಥರ್ಮಾಮೀಟರ್ ನೋಡಿದೆ. "ಇಲ್ಲ ಅತ್ತೆ, ನೀರು ಇಪ್ಪತ್ತಾರು ಡಿಗ್ರಿನೇ ಐತೆ."

"ಡಿಗ್ರಿ ಅಲ್ಲ ಕಣಪ್ಪ! ಹುಳಕ್ಕೆ ಬರೋ ಜ್ವರ!"

ನಾನು ಚನ್ನಪಟ್ಟಣದಲ್ಲಿ ಬೊಂಬೆ ಮಾಡೋರ ಮನೆಯಲ್ಲಿ ಬೆಳೆದವನು. ಬಣ್ಣದ ಅರಗು ಗೊತ್ತು, ಹುಳದ ಸಂಗತಿ ಗೊತ್ತಿಲ್ಲ. ಅತ್ತೆ ಬಿಡಿಸಿ ಹೇಳಿದರು. ರೇಷ್ಮೆ ಹುಳ ಪೊರೆ ಬಿಡೋ ಮುಂಚೆ ತಿನ್ನೋದು ಬಿಟ್ಟು, ಕದಲದೆ, ಮೈ ಹೊಳಪಾಗಿ ಕೂತ್ಕೊಳುತ್ತೆ. ಅದಕ್ಕೆ ಜ್ವರಕ್ಕೆ ಕೂತಿದೆ ಅಂತಾರೆ. ಗೂಡು ಕಟ್ಟೋ ಮುಂಚೆ ಇಂಥ ನಾಲ್ಕು ಜ್ವರ ಆಗಬೇಕು. ಆಗ ಮುಟ್ಟಬಾರದು, ಸೊಪ್ಪು ಹಾಕಬಾರದು, ಸದ್ದು ಮಾಡಬಾರದು.

"ಅತ್ತೆ, ಇದು ಹುಳ ಅಲ್ಲ, ಹವಳ."

"ತಿಂತದಾ?"

"ತಿಂತದೆ."

"ಪೊರೆ ಬಿಡ್ತದಾ?"

ಆಗಾಗ ಮುದುರ್ಕೊಳುತ್ತೆ ಅಂತ ಅಂಗಡಿಯವನು ಅಂದದ್ದು ನೆನಪಾಗಿ ನಾನು ತಡವರಿಸಿದೆ. "ಬಿಡ್ತದೇನೋ."

"ಮತ್ತೆ? ಹುಳನೇ ಬುಡಿ!"

ಅವತ್ತಿನಿಂದ ನಮ್ಮ ಹಾಲ್ ರೇಷ್ಮೆ ಹುಳ ಸಾಕೋ ಮನೆ ಆಯ್ತು. ಹೊಸ್ತಿಲಿಗೆ ಸುಣ್ಣದ ಪುಡಿ. ಕಾಲು ತೊಳೆದೇ ಒಳಗೆ ಬರಬೇಕು. ವಾಸನೆ ಆಗಲ್ಲ ಅಂತ ಊದುಬತ್ತಿ ಬಂದ್, ಒಗ್ಗರಣೆ ಬಂದ್. ಒಗ್ಗರಣೆ ಇಲ್ಲದ ಸಾರು ತಿಂದು ತಿಂದು ನಾನೇ ಸಪ್ಪಗಾದೆ. ಎದುರು ಮನೆಯವನು ಬೀಡಿ ಹಚ್ಚಿಕೊಂಡು ಬಂದರೆ ಅತ್ತೆ ಗೇಟಿನ ಹತ್ತಿರವೇ ತಡೆದು, "ಆಚೆ ನಿಂತ್ಕಳಪ್ಪ, ಒಳಗೆ ಜ್ವರ ಐತೆ," ಅಂತ ಪಿಸುಗುಟ್ಟಿದರು. ಅವನು ಗಾಬರಿಬಿದ್ದು, "ಡೆಂಗ್ಯೂನಾ?" ಅಂತ ಕೇಳಿ ಓಡಿಹೋದ.

ಒಂದು ಬೆಳಗ್ಗೆ ಅತ್ತೆ ಕೂಗಿದ ಕೂಗಿಗೆ ನಾನು ಹಲ್ಲುಜ್ಜೋ ಬ್ರಷ್ ಬಾಯಲ್ಲೇ ಇಟ್ಕೊಂಡು ಓಡಿ ಬಂದೆ. ಹವಳದ ಮೈಯಿಂದ ತೆಳ್ಳನೆ ಪೊರೆ ಕಳಚಿ ನೀರಿನಲ್ಲಿ ತೇಲ್ತಾ ಇದೆ. ಕೆಳಗೆ ಹೊಸ ಚರ್ಮ, ಒಂದೊಂದೇ ಕೂದಲು ಈಚೆಗೆ ಬರ್ತಾ ಇದೆ! ನನಗೆ ಆದ ಖುಷಿ ಹೇಳತೀರದು. ಬಾಯಿ ತುಂಬ ನೊರೆ ಇಟ್ಕೊಂಡೇ ಅತ್ತೆ ಕಾಲಿಗೆ ಬಿದ್ದೆ. ಹೆಂಡತಿ ಬಂದು ನೋಡಿ, ಟೇಪನ್ನ ಸುತ್ತಿ ಡ್ರಾಯರಿಗೆ ಹಾಕಿದಳು. ಮುಖದಲ್ಲಿ ನಗು ತಡೀತಾ ಇದ್ದಳು.

ಇಲ್ಲಿಗೆ ಮುಗೀತು ಅಂದುಕೊಂಡೆ. ಮಾರನೇ ದಿನ ಡ್ಯೂಟಿ ಮುಗಿಸಿ ಬಂದರೆ ಟ್ಯಾಂಕಿಗೆ ಒರಗಿಸಿ ದೊಡ್ಡದೊಂದು ಬಿದಿರಿನ ಚಂದ್ರಿಕೆ ಇಟ್ಟಿದೆ. ಹಣ್ಣಾದ ಹುಳ ಗೂಡು ಕಟ್ಟಲಿ ಅಂತ ಬಿಡ್ತಾರಲ್ಲ, ಆ ಚಂದ್ರಿಕೆ. ಭಾಮೈದನ ಕೈಲಿ ಕುದೂರಿಂದ ಬಸ್ಸಿನಲ್ಲಿ ತರಿಸಿದ್ದಾರೆ!

"ಅತ್ತೆ, ಇದು ಯಾಕೆ?"

"ಕಡೇ ಜ್ವರ ಎದ್ದ ಮೇಲೆ ಗೂಡು ಕಟ್ಟಲ್ವಾ?"

"ಇದು ಗೂಡು ಕಟ್ಟಲ್ಲ ಅತ್ತೆ."

"ಜ್ವರ ಅಲ್ಲ ಅಂತಾನೂ ನೀವೇ ಅಂದಿದ್ರಿ."

ಚಂದ್ರಿಕೆ ಬಂದು ಹಾಲ್‌ನಲ್ಲಿ ಜಾಗ ಇನ್ನೂ ಕಮ್ಮಿ ಆಯ್ತು. ಹೆಂಡತಿ ಮೆಲ್ಲಗೆ, "ಅವ್ವ, ಊರಿಗೆ ಯಾವಾಗ ಹೋಗ್ತೀಯಾ? ಈ ಟ್ಯಾಂಕಿನ ವಿಷಯ ಒಸಿ ತೀರ್ಮಾನ ಮಾಡ್ಬೇಕಿತ್ತು," ಅಂದಳು. ಅತ್ತೆ ಮಗಳನ್ನ ಗದರಿಸಿಬಿಟ್ಟರು. "ಹುಳ ಹಣ್ಣಾಗೋ ಹೊತ್ನಲ್ಲಿ ಬುಟ್ಟು ಹೋಗ್ತಾರೇನೇ? ಟ್ಯಾಂಕು ಅಲ್ಲಾಡಿಸ್ದೋರ ಕೈ ಮುರೀತೀನಿ. ಗೂಡು ಬಿಡಿಸಿ, ಇಲ್ಲೇ ರಾಮನಗರದ ಮಾರ್ಕೆಟ್ಟಿಗೆ ಹಾಕಿ, ಆಮೇಲೇನೇ ನಾನು ಊರಿಗೆ ಹೋಗದು."

ಗೂಡು ಕಟ್ಟೋ ತನಕ ಅತ್ತೆ ಹೋಗಲ್ಲ, ಅತ್ತೆ ಇರೋ ತನಕ ಟ್ಯಾಂಕು ಹೋಗಲ್ಲ. ಸಂಜೆ ಈಗ ನಾನೂ ಅತ್ತೆಯೂ ಅಕ್ಕಪಕ್ಕ ಕೂತು ಕಾಫಿ ಕುಡೀತಾ ಅದನ್ನೇ ನೋಡ್ತೀವಿ. ಒಂದೊಂದು ದಿನ ಅವರಿಗೆ ಬೇಜಾರಾಗಿ, "ಯಾಕೋ ಗೂಡು ಕಟ್ಟೋ ಅಂದಾಜೇ ಕಾಣಲ್ಲ ಅಳಿಯಂದ್ರೇ, ಊರಿಗೆ ಹೊರಡ್ಲಾ?" ಅಂತಾರೆ. ನಾನು ತಕ್ಷಣ ಲೋಟ ಕೆಳಗಿಟ್ಟು, ಗಾಜಿಗೆ ಮುಖ ಹಚ್ಚಿ, ಚೆನ್ನಾಗಿ ಪರೀಕ್ಷೆ ಮಾಡಿ ಹೇಳ್ತೀನಿ:

"ದುಡುಕಬೇಡಿ ಅತ್ತೆ. ನೋಡಿದ್ರೆ ಇನ್ನೂ ಒಂದು ಜ್ವರ ಬಾಕಿ ಐತೆ."