ಅಪ್ಪನ ಕೆಮ್ಮು, ನನ್ನ ಗುಳಿಗೆ

ಅಪ್ಪ ಬಿಟ್ಟುಹೋದದ್ದರಲ್ಲಿ ನಾನು ಕೇಳದೆ ಬಂದದ್ದು ಕೆಮ್ಮೊಂದೇ. ಯರಗುಪ್ಪಿಯ ನಮ್ಮ ಮನೆಯಲ್ಲಿ ಅಪ್ಪ ಅಡುಗೆಮನೆ ಕಡೆ ಬರುವ ಮುಂಚೆ ಪಡಸಾಲೆಯಲ್ಲೇ ಕೆಮ್ಮುತ್ತಿದ್ದ; ಒಂದು ಉದ್ದ, ಒಂದು ಗಿಡ್ಡ. ಅದು ಕಾಯಿಲೆಯಲ್ಲ, ಸೂಚನೆ. ಒಳಗಿದ್ದ ಸೊಸೆ ತಲೆ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಲ್ಲಬೇಕು. ಅಪ್ಪ ತೀರಿ ಮೂರು ವರ್ಷವಾಯಿತು. ಅವನ ಖುರ್ಚಿಯಲ್ಲಿ ಈಗ ನಾನೇ ಕಾಲ ಮೇಲೆ ಕಾಲು ಹಾಕಿ ಕೂಡುತ್ತೇನೆ.

ಈಚೆಗೆ ನನಗೆ ಬಿಪಿ ಎಂದು ಗುಳಿಗೆ ಕೊಟ್ಟರು. ಎರಡು ವಾರಕ್ಕೆ ಒಣಕೆಮ್ಮು ಶುರುವಾಯಿತು. ಒಂದು ಉದ್ದ, ಒಂದು ಗಿಡ್ಡ! ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಗಿರಿಜಾ ಹಿಟ್ಟಿನ ಕೈಯಲ್ಲೇ ಸೆರಗೆಳೆದು ಎದ್ದು ನಿಂತಳು. ತಿರುಗಿ ನೋಡಿದವಳ ಮುಖ ಬಿಳಿಚಿತು.

"ನಾನ ಲೇ," ಅಂದೆ.

"ನೀವಲ್ರಿ. ಮಾವನೋರು ನಿಮ್ಮ ಗಂಟಲದಾಗ ಬಂದು ಕುಂತಾರ."

ನಾನು ನಕ್ಕೆ. ನಗುತ್ತಲೇ ಮತ್ತೆ ಕೆಮ್ಮಿದೆ. ಅವಳ ಕೈ ತಾನಾಗಿಯೇ ಸೆರಗಿಗೆ ಹೋಯಿತು. ವಾರದಲ್ಲಿ ಚೀಲ ತುಂಬಿಟ್ಟಳು. "ಈ ಕೆಮ್ಮ ನಿಲ್ಲಲಿಲ್ಲಂದ್ರ ನಾ ತವರಿಗೆ ಹೋಗಾಕಿ, ಕುಬಿಹಾಳಕ್ಕ. ತಿರುಗಿ ಬರಂಗಿಲ್ಲ." ಅವಳಿಲ್ಲದ ಮನೆ ನೆನೆದು ಮರುದಿನವೇ ಬಸ್ಸು ಹತ್ತಿದೆ.

ಕುಂದಗೋಳದ ಡಾಕ್ಟರು ನಕ್ಕರು. "ಉಸಿರಿನ ಹಾದ್ಯಾಗ ನರದ ತುದಿಗೆ ಒಂದ ಪದಾರ್ಥ ಇರತೈತ್ರಿ, ನ್ಯೂರೋಪೆಪ್ಟೈಡ್ ಅಂತ. ಅದು ಹೊರಗ ಬಿತ್ತಂದ್ರ ಕೆಮ್ಮು. ಮೈ ಅದನ್ನ ದಿನಾ ಕಸಾ ಹೊಡದಂಗ ಹೊಡದು ಹಾಕತೈತಿ. ನಿಮ್ಮ ಗುಳಗಿ ಆ ಕಸಬರಗೀನ ಕಸಕೊಂಡೈತಿ, ಅಷ್ಟ." ಗುಳಿಗೆ ಬದಲಿಸಿದರು. ಕೆಲವು ವಾರಗಳಲ್ಲಿ ಕೆಮ್ಮು ನಿಂತಿತು, ಚೀಲ ಖಾಲಿಯಾಗಿ ಅಟ್ಟ ಸೇರಿತು. ನಾನೋ, ಬಿಟ್ಟೇನೆಯೇ? ಹದಿನೈದು ದಿನ ಊಟಕ್ಕೆ ಕೂತಾಗಲೆಲ್ಲ ಅವಳಿಗೆ ನರದ ಪಾಠ. ಅವಳೂ ನಂಬಿದಳು, ಪಾಪ.

ಮೊನ್ನೆ ಮಟಮಟ ಮಧ್ಯಾಹ್ನ ಬಸ್ಸಿಳಿದು ಬಂದೆ. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಗಿರಿಜಾ ತಲೆ ತುಂಬ ಸೆರಗು ಹೊದ್ದು, ಬಿಸಿ ಚಹಾ ಹಿಡಿದು ಹೊರಬಂದಳು.

"ನಾ ಬರೂದು ಹೆಂಗ ಗೊತ್ತಾತು?"

"ಆಗಳೆ ಪಡಸಾಲ್ಯಾಗ ಕೆಮ್ಮಿದ್ರೆಲ್ಲ, ಅದಕ್ಕ ಚಾಕ್ಕ ಇಟ್ಟೆ." ಅವಳ ಕಣ್ಣು ಒಮ್ಮೆ ಅಟ್ಟದ ಕಡೆ ಹೋಯಿತು. "ಮತ್ತ ಅದ ನರದ ಕೆಮ್ಮೇನ್ರಿ?"

ನಾನಿನ್ನೂ ಹೊಸ್ತಿಲು ದಾಟಿರಲಿಲ್ಲ. "ಹೂಂ, ನರದ್ದ," ಅಂದೆ.

ಅಪ್ಪನ ಖುರ್ಚಿ ಖಾಲಿಯೇ ಇತ್ತು. ನಾನು ಕಾಲು ಮಡಚಿ ನೆಲದ ಮೇಲೆ ಕುಳಿತೆ.

"ಕೆಳಗ್ಯಾಕ ಕುಂತ್ರಿ?"

"ತಂಪೈತಿ," ಅಂದೆ.