ನಕ್ಷೆಯಲ್ಲಿ ಹಕ್‌ಸ್ಟೆಪ್ ಮನೆತನ

ಮದುವೆಯಾದ ಮೂವತ್ತೊಂದು ವರ್ಷಗಳಿಂದ ಒಂದೇ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ: "ಈ ಕೌಂಟಿಯಲ್ಲಿ ಮೊದಲು ನೇಗಿಲು ಹೂಡಿದೋರು ನಮ್ಮ ಪರ್ಡಿ ಮನೆಯವರು. ನಿಮ್ಮ ಹಕ್‌ಸ್ಟೆಪ್‌ಗಳು ನಮ್ಮನೆ ಸೇಬಿನ ಪೈ ವಾಸನೆ ಹಿಡ್ಕೊಂಡು ಬಂದೋರು!" (ನನ್ನ ಹೆಂಡತಿ ಲವಿನಿಯಾ ಇದನ್ನು ಹೇಳುವುದು ನಾನು ಎರಡನೇ ತುಂಡಿಗೆ ಕೈ ಚಾಚಿದಾಗ.)

ಹೀಗಿರಲು, ಅಯೋವಾದ ನಮ್ಮ ಪುಟ್ಟ ಊರಿನ ಸಭೆ, ಒರತೆಗೆ ಹೋಗುವ ಹೆಸರಿಲ್ಲದ ದಾರಿಗೆ ಹೆಸರಿಡಲು ಹೊರಟಿತು. ಅದಕ್ಕೆ ನಮ್ಮ ಮನೆತನದ ಹೆಸರೇ ಯಾಕಾಗಬಾರದು ಎಂದು ನನ್ನ ಬುದ್ಧಿ ಚುರುಕಾಯಿತು. 1874ರ ಕೌಂಟಿ ನಕ್ಷೆಯ ಹೊಸ ಅಚ್ಚೊಂದನ್ನು ಅಂಚೆಯಲ್ಲಿ ತರಿಸಿದೆ. ಯಾವ ಹೊಲ ಯಾರದ್ದೆಂದು ಅದರಲ್ಲಿ ಹೆಸರು ಸಮೇತ ಬರೆದಿರುತ್ತದೆ. ಸುರುಳಿ ಬಿಚ್ಚಿದರೆ, ಒರತೆಯ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಹಕ್‌ಸ್ಟೆಪ್! ಮುಂದೆ ಸಣ್ಣಕ್ಷರದಲ್ಲಿ ಇನ್ನೇನೋ ಇತ್ತು. ವಂಶದ ಕೀರ್ತಿ ಕಣ್ಣು ಕುಕ್ಕುತ್ತಿರುವಾಗ ಸಣ್ಣಕ್ಷರ ಯಾರಿಗೆ ಬೇಕು?

ಅತ್ತೆಯ ಫೋಟೋ ಇಳಿಸಿ ಅದೇ ಮೊಳೆಗೆ ನಕ್ಷೆ ತೂಗುಹಾಕಿದೆ.

"ಅಮ್ಮ ಎಲ್ಲಿ?" ಎಂದಳು ಲವಿನಿಯಾ.

"ಫ್ರಿಜ್ ಮೇಲೆ. ತಂಪಾಗಿರ್ಲಿ ಅಂತ."

ಅವಳು ಕನ್ನಡಕ ಏರಿಸಿಕೊಂಡು ನಕ್ಷೆಯನ್ನು ದಿಟ್ಟಿಸಿದಳು. "ವರ್ನನ್, ಇದನ್ನ ಪೂರ್ತಿ ಓದಿದ್ಯಾ?"

"ಓದೋದೇನು, ಎದ್ದು ಕಾಣ್ತಾ ಇದ್ಯಲ್ಲ! ಸಭೆಗೆ ಬಾ, ಗೊತ್ತಾಗತ್ತೆ."

"ಬರ್ತೀನಿ ಮಹಾರಾಯ. ಇದನ್ನ ತಪ್ಪಿಸ್ಕೊಳ್ಳೋದುಂಟಾ?"

ಸಭೆಗೆ ಊರಿಗೆ ಊರೇ ಬಂದಿತ್ತು. ನಾನು ರಾಜಗಾಂಭೀರ್ಯದಿಂದ ನಕ್ಷೆ ಹರಡಿದೆ. ಊರಿನ ಚರಿತ್ರೆಯನ್ನೆಲ್ಲ ಕೂಡಿಟ್ಟಿರುವ ಮಿಸ್ ಓಡೆಸ್ಸಾ (ಮೂರನೇ ತರಗತಿಯಲ್ಲಿ ನನಗೆ ಓದು ಕಲಿಸಲು ಹೆಣಗಿದವರು) ಭೂತಗನ್ನಡಿ ಹಿಡಿದು ಬಗ್ಗಿದರು.

"ಒರತೆ ಇರೋ ಹೊಲ, ಶ್ರೀಮತಿ ಕೆಟುರಾ ಪರ್ಡಿ. ಅದರ ಪಕ್ಕ... ವರ್ನನ್, ಬಾ ಇಲ್ಲಿ. ಗಟ್ಟಿಯಾಗಿ ಓದು."

ಓದಿದೆ. "ಹಕ್‌ಸ್ಟೆಪ್... ಕೆಸರು."

ಹೆಸರು ಹುಡುಕಿ ಹೋದವನಿಗೆ ಕೆಸರು ಸಿಕ್ಕಿತ್ತು! ಸಭೆ ಬಿದ್ದು ಬಿದ್ದು ನಕ್ಕಿತು.

"ನಿನ್ನ ಮುತ್ತಾತನ ಅಪ್ಪ ಏಮಸ್ ಗಾಡಿ ಹೊಡ್ಕೊಂಡು ಬಂದ," ಎಂದರು ಮಿಸ್ ಓಡೆಸ್ಸಾ. "ಆ ಕಡೆ ಹೋಗ್ಬೇಡ ಅಂತ ಎಲ್ರೂ ಕೂಗಿದ್ರು. 'ನಂಗೊತ್ತು' ಅಂದ. ಸೊಂಟದವರೆಗೂ ಹೂತ್ಕೊಂಡ. ಕೆಟುರಾ ತನ್ನ ಎತ್ತು ಕಟ್ಟಿ ಎಳೆದು ಹಾಕಿದ್ಳು."

"ಆಮೇಲೆ?" ನನ್ನ ದನಿ ನನಗೇ ಕೇಳಿಸಲಿಲ್ಲ.

"ಇನ್ಯಾರೂ ಹೂತ್ಕೋಬಾರ್ದು ಅಂತ ಎರಡು ವರ್ಷ ಕಲ್ಲು ಹೊತ್ತು ಒರತೆಗೆ ದಾರಿ ಹಾಕಿದ. ನಾವಿವತ್ತು ಹೆಸರಿಡ್ತಿರೋದು ಅದಕ್ಕೇನೇ."

ಕುಗ್ಗಿದ ನನ್ನ ಎದೆ ಮತ್ತೆ ಉಬ್ಬಿತು. ಲವಿನಿಯಾ ಎದ್ದು ನಿಂತಳು. "ದಾರಿ ಹಾಕಿದೋನ ಹೆಸರೇ ದಾರಿಗಿರ್ಲಿ. ಹಕ್‌ಸ್ಟೆಪ್ ದಾರಿ."

ಮೂವತ್ತೊಂದು ವರ್ಷ ಕಾದದ್ದು ಸಾರ್ಥಕ!

"ಆದ್ರೆ ಕೆಸರಿಗೂ ಹಳೇ ಹೆಸರೇ ಇರ್ಲಿ," ಎಂದಳು. "ದೊಡ್ಡ ಫಲಕ ಹಾಕ್ಸಿ."

ಒಪ್ಪಿಗೆಯೆಂದು ಊರೆಲ್ಲ ಕೈ ಎತ್ತಿತು. (ಚಪ್ಪಾಳೆಗೆಂದು ಎತ್ತಿದ್ದ ನನ್ನ ಎರಡು ಕೈಗಳನ್ನೂ ಎಣಿಸಿಕೊಂಡರಂತೆ.)

ಈಗ ಆ ಕೆಸರಿನ ಕಪ್ಪೆ, ಬಾತುಕೋಳಿ ನೋಡಲು ಶಾಲೆಯ ಮಕ್ಕಳು ಬರುತ್ತಾರೆ. ಒರತೆಯ ಕಟ್ಟೆ ದುರಸ್ತಿಯಾಗಿದೆ. ಮೊನ್ನೆ ಪರವೂರಿನ ಒಬ್ಬ ಟೀಚರ್ ನಮ್ಮ ಬಾಗಿಲಲ್ಲಿ ನಿಂತು, "ಹಕ್‌ಸ್ಟೆಪ್ ಕೆಸರು ಎಲ್ಲಿದೆಯಮ್ಮಾ?" ಎಂದು ಕೇಳಿದರು.

ಲವಿನಿಯಾ ನನ್ನ ಕುರ್ಚಿಯತ್ತ ಕೈ ತೋರಿಸಿದಳು. "ಒಳಗೆ ಬನ್ನಿ. ಇಲ್ಲೇ ಪೇಪರ್ ಓದ್ತಾ ಕೂತಿದೆ."