ವರ್ಡೆಲ್ ನಿಂತ ಮೂಲೆ

ಬೆಳಿಗ್ಗೆ ಫೋನು ಬಂದಾಗ ವರ್ಡೆಲ್ ಟಾಲಿವರ್ ಒಂದು ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿಕೊಂಡಿದ್ದಳು. ಇನ್ನೊಂದು ಕಾಲಿನದು ಇನ್ನೂ ಸಿಕ್ಕಿರಲಿಲ್ಲ. ಆ ಕಡೆಯಿಂದ ಯಾವುದೋ ಹುಡುಗಿ, ದನಿಯ ತುಂಬ ಸಕ್ಕರೆ.

"ಇವತ್ತು ಸಂಜೆ ಕಾಕಸ್‌ಗೆ ಬರ್ತೀರಲ್ಲ ಮೇಡಂ? ಯಾರ ಕಡೆ ನಿಲ್ತೀರಿ?"

ಯಾರ ಕಡೆ ಎಂದು ವರ್ಡೆಲ್ ಮೂರು ವಾರದ ಹಿಂದೆಯೇ ನಿರ್ಧರಿಸಿಯಾಗಿತ್ತು. ಹೇಳಿದರೆ ಯಾಕೆ, ಏನು, ಹೇಗೆ ಎಂದು ಮಾತು ಬೆಳೆಯುತ್ತದೆ, ಕಾಲು ತಣ್ಣಗಾಗುತ್ತಿತ್ತು. "ಇನ್ನೂ ಯೋಚನೆ ಮಾಡ್ತಾ ಇದೀನಮ್ಮ" ಎಂದು ಮರ್ಯಾದೆಗೊಂದು ಮಾತು ಹೇಳಿ ಇಟ್ಟುಬಿಟ್ಟಳು.

ಅಯೋವಾದಲ್ಲಿ ಕಾಕಸ್ ದಿನ, ಅಂದರೆ ಕೇರಿಯ ಡೆಮಾಕ್ರಾಟರೆಲ್ಲ ಸೇರಿ ತಮ್ಮ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ದಿನ, ಆಡಬಾರದ ಮಾತು ಒಂದಿದ್ದರೆ ಅದು ಇದೇ. ಮನೆಗೆ ಬೆಂಕಿ ಬಿದ್ದಿದೆ ಅಂದರೂ ಜನ ಅಷ್ಟು ಬೇಗ ಬರುವುದಿಲ್ಲ.

ಅವಳು ಕಾಫಿಗೆ ನೀರಿಡುವಷ್ಟರಲ್ಲಿ ಹೊರಗೆ ಕರಕರ ಸದ್ದು. ಕಿಟಕಿಯಲ್ಲಿ ನೋಡಿದರೆ ಪಕ್ಕದ ಮನೆಯ ಮರ್ಲಿಸ್ ಹಾಲ್ವರ್ಸನ್, ವರ್ಡೆಲ್‌ಳ ಅಂಗಳದ ಹಿಮವನ್ನು ಸಲಿಕೆಯಲ್ಲಿ ಎತ್ತಿ ಎತ್ತಿ ಹಾಕುತ್ತಿದ್ದಳು. ಮರ್ಲಿಸ್ ಹೈಸ್ಕೂಲಿನಲ್ಲಿ ಆಟದ ಟೀಚರಾಗಿ ನಿವೃತ್ತಳಾದವಳು. ಇಪ್ಪತ್ತು ವರ್ಷದ ನೆರೆ. ಇಷ್ಟರವರೆಗೆ ಒಂದು ದಿನವೂ ಈ ಅಂಗಳಕ್ಕೆ ಸಲಿಕೆ ತಂದವಳಲ್ಲ.

"ಮರ್ಲಿಸ್, ಏನೇ ಇದು?"

"ಏನಿಲ್ಲ, ವ್ಯಾಯಾಮ!" ಮರ್ಲಿಸ್ ಉಸಿರು ಬಿಟ್ಟಳು. "ಇನ್ನೂ ಯೋಚನೆ ಮಾಡ್ತಾ ಇದೀಯಂತೆ? ಸೆನೆಟರ್ ಹೆಲೆನ್ ಬ್ರಾಂಟ್ ನಿಂತಿರೋವಾಗ ಯೋಚನೆ ಏನು ಬಂತೇ? ನಮ್ಮಮ್ಮ ಒಂದು ಹೆಂಗಸಿಗೆ ಓಟು ಹಾಕ್ಬೇಕು ಅಂತ ಕಾದು ಕಾದು ಸತ್ತಳು. ನೀನೊಬ್ಬಳು ಹೆಂಗಸು ಅನ್ನೋದಾದ್ರೂ ಜ್ಞಾಪಕ ಇದೆಯಾ?"

ವರ್ಡೆಲ್‌ಗೆ ಜ್ಞಾಪಕವಿತ್ತು. ಐವತ್ತೇಳು ವರ್ಷದಲ್ಲಿ ಅದನ್ನು ಮರೆಯಲು ಯಾರೂ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಕಾರು ಬಂದು ನಿಂತಿತು. ಇಳಿದವಳು ಬರ್ನೀಸ್, ವರ್ಡೆಲ್‌ಳ ತೀರಿಹೋದ ಗಂಡನ ಅಕ್ಕ. ಚರ್ಚಿನ ಗಾಯಕವೃಂದ ಅವಳ ಮುಷ್ಟಿಯಲ್ಲಿ. ಅವಳು ಹುಬ್ಬೆತ್ತಿದರೆ ಅಲ್ಲಿ ಗಂಡಸರ ದನಿ ತಾನಾಗಿ ಒಂದು ಮೆಟ್ಟಿಲು ಇಳಿಯುತ್ತಿತ್ತು. ಬರ್ನೀಸ್ ಅಂಗಳ ನೋಡಿದಳು, ಸಲಿಕೆ ನೋಡಿದಳು, ಮರ್ಲಿಸ್‌ಳನ್ನು ನೋಡಿದಳು. ಕಾರಿನ ಹಿಂಬದಿ ತೆರೆದು ತನ್ನದೇ ಸಲಿಕೆ ತೆಗೆದಳು.

"ನಮ್ಮ ಮನೆಯವರ ಅಂಗಳ ನಾವು ನೋಡ್ಕೋತೀವಿ, ನೀವು ಯಾಕೆ ಕಷ್ಟ ತಗೋತೀರಿ" ಎಂದು ಮರ್ಲಿಸ್‌ಗೆ ಬಹಳ ಮರ್ಯಾದೆಯಿಂದ ಹೇಳಿ, ವರ್ಡೆಲ್ ಕಡೆ ತಿರುಗಿದಳು. "ಏನೇ, ಲೂಥರ್ ಗೇನ್ಸ್ ನಿಂತಿದಾನೆ. ನಮ್ಮ ಬಣ್ಣದವನು, ನಮ್ಮ ದೇವರ ಹಾಡು ಹಾಡೋನು. ನನ್ನ ತಮ್ಮ ಬದುಕಿದ್ದಿದ್ರೆ ಇವತ್ತು ಬೆಳಗ್ಗೇನೇ ಹೋಗಿ ಕಾಕಸ್ ನಡೆಯೋ ಆ ಶಾಲೆ ಜಿಮ್ ಬಾಗಿಲಲ್ಲಿ ನಿಂತಿರ್ತಿದ್ದ. ಕಪ್ಪು ಹೆಂಗಸಾಗಿ ನೀನು ಯೋಚನೆ ಮಾಡ್ತೀನಿ ಅಂತೀಯಲ್ಲ, ಯಾರಾದ್ರೂ ಕೇಳಿದ್ರೆ ಏನಂದ್ಕೋಬೇಕು?"

"ಅತ್ತಿಗೆ, ಒಳಗೆ ಬನ್ನಿ, ಕಾಫಿ..."

"ಕಾಫಿ ಆಮೇಲೆ. ಮೊದಲು ಹಿಮ."

ಇಬ್ಬರೂ ಎರಡು ಕಡೆಯಿಂದ ಸಲಿಕೆ ಹಾಕಿದ ರಭಸಕ್ಕೆ ಹಿಮ ಹೋಗಿ, ಅದರಡಿಯ ಹುಲ್ಲು ಹೋಗಿ, ಕೊನೆಗೆ ವರ್ಡೆಲ್ ವಸಂತಕ್ಕೆಂದು ಹುಗಿದಿಟ್ಟಿದ್ದ ಟ್ಯೂಲಿಪ್ ಗಡ್ಡೆಗಳು ಈರುಳ್ಳಿಯಂತೆ ಹೊರಬಿದ್ದವು. ತೆಗೆದ ಹಿಮವೆಲ್ಲ ಅವಳ ಕಾರಿನ ಮೇಲೆ ಗುಡ್ಡೆಯಾಗಿತ್ತು. ಅವಳು ಕೆಲಸಕ್ಕೆ ಬಸ್ಸಿನಲ್ಲಿ ಹೋದಳು.

ವರ್ಡೆಲ್‌ಳ ಕೆಲಸ ಮನೆಮನೆಗೆ ಹೋಗಿ ವಯಸ್ಸಾದವರಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು. ಅವತ್ತು ಆರ್ವಿಲ್ ಟೆಶ್ ಎಂಬ ತೊಂಬತ್ತರ ಮುದುಕನ ಬೆನ್ನಿಗೆ ಸೋಪು ಹಚ್ಚುತ್ತಿರುವಾಗ ಆ ಮನೆಯ ಫೋನು ಎರಡು ಸಲ ಹೊಡೆದುಕೊಂಡಿತು. ಎರಡು ಸಲವೂ ಅವಳಿಗೇ.

"ನಿನಗೆ ಇಷ್ಟೊಂದು ಬೇಡಿಕೆ ಇದೆ ಅಂತ ಗೊತ್ತಿರಲಿಲ್ಲ ನೋಡು" ಅಂದ ಆರ್ವಿಲ್, ನೊರೆಯ ನಡುವಿನಿಂದ. "ಹೋಗ್ಲಿ, ನೀನು ಯಾರಿಗೆ ನಿಲ್ತೀಯಾ?"

ಕೇಳಿದ್ದು ಮುದುಕ, ಅದೂ ಮೈಮೇಲೆ ಬಟ್ಟೆಯಿಲ್ಲದೆ. ಅವನಲ್ಲಿ ಮುಚ್ಚುಮರೆ ಏನು ಎನ್ನಿಸಿತು. "ವೆಂಡಲ್ ಕ್ವಿಸ್ಟ್" ಎಂದಳು.

"ಅದ್ಯಾರು?"

ಹಳೆಯ ಗವರ್ನರ್. ಉದ್ದ ಮೂಗು, ಬೋಳು ತಲೆ, ಮಾತಾಡಿದರೆ ಮಳೆ ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕಿದ ಹಾಗೆ. ಮೂರು ವಾರದ ಹಿಂದೆ ಲೈಬ್ರರಿಗೆ ಬಂದಿದ್ದ. ಜನ ಬೆರಳಲ್ಲಿ ಎಣಿಸುವಷ್ಟು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹೊತ್ತಿಗೆ ನಮಗೆ ಸಂಬಳ ಇಲ್ಲವಲ್ಲ, ಅದಕ್ಕೇನು ಮಾಡ್ತೀರಿ ಎಂದು ವರ್ಡೆಲ್ ಎದ್ದು ಕೇಳಿದ್ದಳು. ಅವನು "ನಿಮಗೆ ಏನು ಮಾಡಿದ್ರೆ ಸರಿ ಅನ್ನಿಸುತ್ತೆ?" ಎಂದು ಕೇಳಿ, ಕುರ್ಚಿ ಎಳೆದುಕೊಂಡು ಕೂತು, ಅವಳು ಹೇಳಿ ಮುಗಿಸುವ ತನಕ ಕೇಳಿಸಿಕೊಂಡಿದ್ದ. ಹಾಗೆ ಯಾರೂ ಅವಳನ್ನು ಕೇಳಿ ಎಷ್ಟು ಕಾಲವಾಗಿತ್ತೋ. ನೀನು ಹೆಂಗಸು, ನೀನು ಕಪ್ಪು, ನೀನು ಟಾಲಿವರ್ ಮನೆ ಸೊಸೆ, ನೀನು ಹುಟ್ಟಾ ಡೆಮಾಕ್ರಾಟ್ ಎಂದು ಅವಳು ಯಾರೆಂಬುದನ್ನು ಅವಳಿಗೆ ತಿಳಿಸಿಕೊಡುವವರು ಬೇಕಾದಷ್ಟಿದ್ದರು. ನಿನಗೇನು ಅನ್ನಿಸುತ್ತೆ ಎಂದು ಕೇಳಿದವನು ಈ ಬೋಳುತಲೆಯವನೊಬ್ಬನೇ. ಅವತ್ತು ಮನೆಗೆ ಬಂದು ಪಾತ್ರೆ ತೊಳೆಯುವಾಗಲೇ ತೀರ್ಮಾನಿಸಿದ್ದಳು: ಈ ಸಲ ನಾನು ನಿಲ್ಲುವುದು ನನಗೆ ಬೇಕಾದ ಮೂಲೆಯಲ್ಲಿ. ಯಾರು ಏನಾದರೂ ಅನ್ನಲಿ.

ಸಂಜೆ ಅವಳು ಬಾಗಿಲು ತೆಗೆದರೆ ಎರಡು ಕಾರು ಕಾಯುತ್ತಿದ್ದವು. ಒಂದರಲ್ಲಿ ಮರ್ಲಿಸ್, ಇನ್ನೊಂದರಲ್ಲಿ ಬರ್ನೀಸ್. ಯಾವುದಕ್ಕೆ ಹತ್ತಿದರೂ ಇನ್ನೊಂದಕ್ಕೆ ಅವಮಾನ. ವರ್ಡೆಲ್ ಕೋಟಿನ ಗುಂಡಿ ಹಾಕಿಕೊಂಡು ನಡೆದೇ ಹೊರಟಳು. ಎರಡೂ ಕಾರುಗಳು ಗಾಜು ಇಳಿಸಿಕೊಂಡು, ಮರ್ಲಿಸ್‌ಳದು ಮುಂದೆ ಬರ್ನೀಸ್‌ಳದು ಹಿಂದೆ, ಅವಳ ಹೆಜ್ಜೆಗೆ ಸರಿಯಾಗಿ ತೆವಳಿದವು. ಮದುಮಗಳ ಮೆರವಣಿಗೆಗೂ ಇಷ್ಟು ನಿಧಾನದ ವಾಹನ ಸಿಗುವುದಿಲ್ಲ.

"ಮೂಗು ಬಿದ್ದುಹೋಗುತ್ತೆ, ಹತ್ತೇ!" ಮುಂದಿನಿಂದ.

"ಮೂಗು ಬಿದ್ರೂ ಪರವಾಗಿಲ್ಲ, ಅವಳ ಕಾರು ಹತ್ತಬೇಡ!" ಹಿಂದಿನಿಂದ.

ಶಾಲೆಯ ಜಿಮ್, ಅಂದರೆ ಒಳಾಂಗಣ ಆಟದ ಹಜಾರ, ತುಂಬಿ ಹೋಗಿತ್ತು. ಇಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಚೀಟಿಯೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಕೇರಿಯವರೆಲ್ಲರ ಕಣ್ಣೆದುರಿಗೆ ನಡೆದುಹೋಗಿ ನಿಮ್ಮವರ ಮೂಲೆಯಲ್ಲಿ ನಿಲ್ಲಬೇಕು. ತಲೆ ಎಣಿಸುತ್ತಾರೆ. ನಿವೃತ್ತ ಪೋಸ್ಟ್‌ಮನ್ ಎಲ್ವಿನ್ ಸಭೆಯ ಅಧ್ಯಕ್ಷ. "ಒಟ್ಟು ತೊಂಬತ್ಮೂರು ಜನ ಇದೀರಿ. ಇಲ್ಲಿಂದ ಜಿಲ್ಲಾ ಸಭೆಗೆ ಐದು ಜನ ಪ್ರತಿನಿಧಿಗಳು, ಮೂಲೆಯ ತಲೆ ಲೆಕ್ಕದಲ್ಲಿ ಪಾಲು. ಹದಿನಾಲ್ಕು ಜನ ಇಲ್ಲದ ಮೂಲೆಗೆ ಲೆಕ್ಕ ಇಲ್ಲ, ಅವರು ಬೇರೆ ಮೂಲೆಗೆ ಹೋಗ್ಬೇಕು. ಸರಿ, ನಡೀರಿ!"

ಎಡಗಡೆ ಬ್ರಾಂಟ್ ಮೂಲೆ, ಮುಂದೆ ಮರ್ಲಿಸ್. ಬಲಗಡೆ ಗೇನ್ಸ್ ಮೂಲೆ, ಮುಂದೆ ಬರ್ನೀಸ್. ಇಬ್ಬರೂ ಕೈ ಚಾಚಿ ನಿಂತಿದ್ದರು. ವರ್ಡೆಲ್ ನಡುವಿನಲ್ಲಿ ನೇರವಾಗಿ ನಡೆದು, ಎದುರಿನ ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಹೋಗಿ ತಿರುಗಿ ನಿಂತಳು.

"ಅದು ಯಾರ ಮೂಲೆ?" ಎಲ್ವಿನ್ ಕೇಳಿದ.

"ಕ್ವಿಸ್ಟ್" ಎಂದಳು ವರ್ಡೆಲ್. ಅವಳ ಪಕ್ಕದಲ್ಲಿ ಆಗಲೇ ಒಬ್ಬ ಇದ್ದ: ಗಾಲಿಕುರ್ಚಿಯಲ್ಲಿ ಆರ್ವಿಲ್ ಟೆಶ್. ಮಗಳು ಅವನನ್ನು ಅಲ್ಲಿ ಬಿಟ್ಟದ್ದು ಆ ಮೂಲೆಯಲ್ಲಿ ಹೀಟರ್ ಇದ್ದ ಕಾರಣ. ಅವನು ಆಗಲೇ ನಿದ್ದೆ ಹೋಗಿದ್ದ.

ಎಣಿಕೆಯಾಯಿತು. ಗೇನ್ಸ್‌ಗೆ ನಲವತ್ತಾರು, ಬ್ರಾಂಟ್‌ಗೆ ನಲವತ್ತೈದು, ಕ್ವಿಸ್ಟ್‌ಗೆ ಎರಡು, ಅದರಲ್ಲಿ ಒಂದು ಗೊರಕೆ.

"ಅರ್ಧ ಗಂಟೆ ಟೈಮಿದೆ" ಎಂದ ಎಲ್ವಿನ್. "ಯಾರು ಯಾರನ್ನ ಒಲಿಸ್ತೀರೋ ಒಲಿಸಿ."

ಮರ್ಲಿಸ್ ಓಡಿ ಬಂದಳು. "ಇದೇನು ಹಟ? ನೀನೊಬ್ಬಳು ಬಂದ್ರೆ ನಾವು ಅವರ ಸಮ ಆಗ್ತೀವಿ!"

ಬರ್ನೀಸ್ ಆಗಲೇ ಇನ್ನೊಂದು ಪಕ್ಕದಲ್ಲಿದ್ದಳು. "ಇಡೀ ಚರ್ಚು ನೋಡ್ತಾ ಇದೆ. ಆ ಬೋಳುತಲೆಗೋಸ್ಕರ ನನ್ನ ಮುಖಕ್ಕೆ ಮಸಿ ಬಳೀತೀಯಾ?"

"ಅತ್ತಿಗೆ, ಮರ್ಲಿಸ್, ಇಬ್ಬರೂ ಕೇಳಿ." ವರ್ಡೆಲ್ ಇಬ್ಬರ ಕಡೆಗೂ ಒಂದೊಂದು ಸಲ ತಿರುಗಿದಳು. "ನಾನು ಹೆಂಗಸೂ ಹೌದು, ಕಪ್ಪೂ ಹೌದು. ಎರಡೂ ನಾನೇ, ಅದನ್ನ ನೀವಿಬ್ಬರು ಹಂಚ್ಕೊಂಡು ಆ ಕಡೆ ಒಂದು ಕೈ ಈ ಕಡೆ ಒಂದು ಕೈ ಎಳೆದ್ರೆ ಮಧ್ಯ ಇರೋಳು ಯಾರು? ನಾನು ಇಲ್ಲಿಂದ ಕದಲಲ್ಲ. ಬೇಕಾದ್ರೆ ನೀವೇ ಇಲ್ಲಿಗೆ ಬನ್ನಿ."

ಅವಳು ಅದನ್ನು ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ. ಆದರೆ ಜಿಮ್ಮಿನಲ್ಲಿ ಪಿಸುಮಾತೂ ಗೋಡೆಗೆ ಹೊಡೆದು ಬರುತ್ತದೆ. ಎಲ್ಲರಿಗೂ ಕೇಳಿಸಿತು. ಮರ್ಲಿಸ್ ಕೆಂಪಾಗಿ ಹಿಂದೆ ಹೋದಳು. ಬರ್ನೀಸ್ ಹುಬ್ಬೆತ್ತಿಕೊಂಡು ಹಿಂದೆ ಹೋದಳು.

ಆಮೇಲೆ ಆಶ್ಚರ್ಯವಾಯಿತು. ಮೊದಲು ಮರ್ಲಿಸ್‌ಳ ಗಂಡ ಗಾರ್ಡನ್ ಟೋಪಿ ತಿರುಗಿಸುತ್ತ ಬಂದ. "ನೀವು ಹೇಳಿದ್ದು ಸರಿ ಅನ್ನಿಸ್ತು ವರ್ಡೆಲ್" ಎಂದು ಪಕ್ಕದಲ್ಲಿ ನಿಂತ. ಆಮೇಲೆ ಗಾಯಕವೃಂದದ ದಪ್ಪ ದನಿಯ ಕ್ಲೀವನ್. "ಸಿಸ್ಟರ್ ವರ್ಡೆಲ್, ಮನಸ್ಸು ಮುಟ್ಟಿತು." ಎಡದಿಂದ ಇಬ್ಬರು, ಬಲದಿಂದ ಇಬ್ಬರು, ಮತ್ತೆ ಎಡದಿಂದ. ಜನ ಆ ಕಡೆ ಈ ಕಡೆ ಓಡಾಡುವ ಗದ್ದಲದಲ್ಲಿ ಬುಟ್ಟಿಯ ಕೆಳಗೆ ಒಂದು ಗುಂಪೇ ಬೆಳೆಯಿತು. ಬಾಯಿ ಬಿಟ್ಟು ಹೇಳಿದರೆ ಜನ ಕೇಳುತ್ತಾರೆ! ಇಷ್ಟು ವರ್ಷ ಸುಮ್ಮನಿದ್ದು ತಾನೇ ದಂಡವಾದೆ ಎಂದು ವರ್ಡೆಲ್‌ಗೆ ಅನ್ನಿಸಿತು.

ಎಲ್ವಿನ್ ಎಣಿಸಿದ. "ಕ್ವಿಸ್ಟ್, ಹದಿನಾಲ್ಕು! ಲೆಕ್ಕಕ್ಕೆ ಬಂತು. ಗೇನ್ಸ್‌ಗೆ ಎರಡು ಪ್ರತಿನಿಧಿ, ಬ್ರಾಂಟ್‌ಗೆ ಎರಡು, ಕ್ವಿಸ್ಟ್‌ಗೆ ಒಂದು. ನಿಮ್ಮ ನಿಮ್ಮಲ್ಲೇ ಆರಿಸ್ಕೊಳ್ಳಿ."

ವರ್ಡೆಲ್ ತನ್ನ ಜನದ ಕಡೆ ತಿರುಗಿದಳು. "ನಮ್ಮಲ್ಲಿ ಕ್ವಿಸ್ಟ್ ಅವರ ವಿಚಾರ ಚೆನ್ನಾಗಿ ತಿಳಿದವರು ಹೋಗೋದು ಒಳ್ಳೇದು. ಯಾರು ಹೋಗ್ತೀರಿ?"

ಹಿಂದಿನಿಂದ ಒಬ್ಬ ಕೇಳಿದ, "ಕ್ವಿಸ್ಟ್ ಅಂದ್ರೆ ಆ ಗಡ್ಡದವನಾ?"

"ಗಡ್ಡ ಇಲ್ಲ ಅವರಿಗೆ."

"ಹೌದಾ!"

ವರ್ಡೆಲ್ ಗಾರ್ಡನ್ ಮುಖ ನೋಡಿದಳು. ಗಾರ್ಡನ್ ಟೋಪಿ ನೋಡಿದ.

"ಸುಳ್ಳು ಹೇಳೋಕೆ ಬರಲ್ಲ ನನಗೆ" ಎಂದ ಕೊನೆಗೆ. "ಮರ್ಲಿಸ್ ಕಳಿಸಿದ್ಲು. ಐದು ಪ್ರತಿನಿಧಿಗಳಲ್ಲಿ ಮೂರನೇದು ಗೇನ್ಸ್‌ಗೆ ಹೋಗಬಾರದು, ಅದಕ್ಕಿಂತ ನಿಮಗೆ ಹೋದ್ರೆ ಮೇಲು ಅಂತ. ನಾವು ಆರು ಜನ ಬಂದಿದೀವಿ."

ಕ್ಲೀವನ್ ಕಣ್ಣರಳಿಸಿದ. "ಅಯ್ಯೋ ದೇವರೇ, ನಮ್ಮನ್ನೂ ಬರ್ನೀಸ್ ಕಳಿಸಿದ್ದು ಅದಕ್ಕೇನೇ! ನೀವೆಲ್ಲಿ ಆ ಕಡೆ ವಾಲಿ ಬ್ರಾಂಟ್‌ಗೆ ಮೂರನೇದು ಹೋಗಿಬಿಡುತ್ತೋ ಅಂತ. ನಾವೂ ಆರು ಜನ."

ವರ್ಡೆಲ್ ಎಣಿಸಿದಳು. ಆರು, ಆರು, ನಿದ್ದೆಯ ಆರ್ವಿಲ್ ಒಂದು. ಕ್ವಿಸ್ಟ್‌ಗಾಗಿ ನಿಂತವಳು ಇಡೀ ಮೂಲೆಯಲ್ಲಿ ಅವಳೊಬ್ಬಳೇ.

ಬಂದವರೋ, ಬಂದದ್ದಕ್ಕೆ ಕೆಲಸ ಮಾಡಿಕೊಂಡೇ ಹೋಗೋಣವೆಂದು ತೀರ್ಮಾನಿಸಿದರು. ಒಂದು ಕಡೆಯವರು ಗಾರ್ಡನ್ ಹೆಸರು ಹೇಳಿದರು, ಇನ್ನೊಂದು ಕಡೆಯವರು ಕ್ಲೀವನ್ ಹೆಸರು. ಕೈ ಎತ್ತಿದರೆ ಆರು, ಆರು. ಎಲ್ವಿನ್ ಬಂದು ವರ್ಡೆಲ್ ಮುಂದೆ ನಿಂತ.

"ನೀವು ಯಾರಿಗೆ ಕೈ ಎತ್ತುತೀರೋ ಅವರೇ ನೋಡಿ. ಗಾರ್ಡನ್ನೋ ಕ್ಲೀವನ್ನೋ?"

ಅಂದರೆ ಬ್ರಾಂಟೋ ಗೇನ್ಸೋ. ಮರ್ಲಿಸೋ ಬರ್ನೀಸೋ. ದಿನವಿಡೀ ಯಾವ ಪ್ರಶ್ನೆಯಿಂದ ಹಿಮದಲ್ಲಿ ನಡೆದು ತಪ್ಪಿಸಿಕೊಂಡಳೋ, ಅದು ಬುಟ್ಟಿಯ ಕೆಳಗೆ ಅವಳಿಗಿಂತ ಮೊದಲೇ ಬಂದು ಕಾಯುತ್ತಿದ್ದ ಹಾಗಿತ್ತು. ಎರಡು ಮೂಲೆಗಳಿಂದ ಎರಡು ಜೊತೆ ಕಣ್ಣು ಅವಳ ಕೈಯ ಮೇಲೆ ನೆಟ್ಟಿದ್ದವು.

ವರ್ಡೆಲ್‌ಗೆ ಮೊದಲು ಅಳು ಬಂತು. ಆಮೇಲೆ ಸಿಟ್ಟು. ಸಿಟ್ಟು ಬಂದಮೇಲೆ ಎಲ್ಲ ಸಲೀಸಾಯಿತು.

"ಇದು ನನ್ನ ಮೂಲೆ" ಎಂದಳು. "ನೀವೆಲ್ಲ ನೆಂಟರು. ಹೋಗೋಳು ನಾನು."

ಆರು ಜನ ಎಡಕ್ಕೆ ತಿರುಗಿ ಮರ್ಲಿಸ್‌ಳನ್ನು ನೋಡಿದರು. ಆರು ಜನ ಬಲಕ್ಕೆ ತಿರುಗಿ ಬರ್ನೀಸ್‌ಳನ್ನು. ಎದುರು ಕಡೆಯವರಿಗೆ ಹೋಗುವುದಕ್ಕಿಂತ ಇದೇ ವಾಸಿ ಎಂದು ಇಬ್ಬರ ತಲೆಯೂ ಒಟ್ಟಿಗೆ ಆಡಿತು. ಹನ್ನೆರಡೂ ಕೈ ಮೇಲೆದ್ದವು. ಆ ಸದ್ದಿಗೆ ಎಚ್ಚರಗೊಂಡ ಆರ್ವಿಲ್ ಏನೆಂದು ತಿಳಿಯದೆ ತಾನೂ ಎತ್ತಿದ.

ವರ್ಡೆಲ್ ಗೆದ್ದಿದ್ದಳು. ಅವಳ ಬೋಳುತಲೆಯ ಕ್ವಿಸ್ಟ್‌ಗೆ ಈ ಕೇರಿಯಲ್ಲಿ ಒಬ್ಬ ಪ್ರತಿನಿಧಿ, ಅವಳೇ. ಹೆಗಲು ಹಗುರಾಗಿ, ಮನೆಗೆ ಹೋಗಿ ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂರಬೇಕೆಂದು ಕೋಟು ಹಾಕಿಕೊಂಡಳು.

"ಅಭಿನಂದನೆ" ಎಂದು ಎಲ್ವಿನ್ ಕೈ ಕುಲುಕಿದ. "ಮಾರ್ಚ್‌ನಲ್ಲಿ ಜಿಲ್ಲಾ ಸಭೆ. ಅಲ್ಲೂ ಇದೇ ಥರ ಮೂಲೆಗಳು. ಕ್ವಿಸ್ಟ್‌ಗೆ ಅಲ್ಲಿ ಜನ ಸಾಲದಿದ್ರೆ ನೀವು ಬೇರೆ ಯಾರದಾದ್ರೂ ಮೂಲೆಗೆ ಹೋಗ್ಬೇಕಾಗುತ್ತೆ. ಸಾಲಲ್ಲ ಬಿಡಿ, ಬೇರೆ ಕಡೆ ಎಲ್ಲ ಅವರಿಗೆ ಸೊನ್ನೆಯಂತೆ. ಈಗ ನಿಮ್ಮೊಬ್ಬರ ಕಾಲು ಎತ್ತ ಹೋಗುತ್ತೋ ಹದಿನಾಲ್ಕು ಜನದ ತೂಕ ಅತ್ತ."

ಅವನು ಅದನ್ನೂ ಮೆಲ್ಲಗೆ ಹೇಳಲಿಲ್ಲ.

ವರ್ಡೆಲ್ ತಿರುಗುವಷ್ಟರಲ್ಲಿ ಮರ್ಲಿಸ್ ಮತ್ತು ಬರ್ನೀಸ್ ಜಿಮ್ಮಿನ ನಡುವೆ ಎದುರುಬದುರು ನಿಂತಿದ್ದರು. ಬೆಳಗಿನಿಂದ ಒಬ್ಬರನ್ನೊಬ್ಬರು ತಿನ್ನುವ ಹಾಗೆ ನೋಡುತ್ತಿದ್ದವರು ಈಗ ತಲೆಗೆ ತಲೆ ತಾಗಿಸಿ ಮಾತಾಡುತ್ತಿದ್ದರು.

"ಅವಳನ್ನ ಒಲಿಸೋಕೆ ಇಬ್ಬರೂ ಒಂದೇ ದಿನ ಹೋದ್ರೆ ಕೆರಳ್ತಾಳೆ" ಎಂದಳು ಬರ್ನೀಸ್. "ಸೋಮವಾರ, ಬುಧವಾರ ನೀವು ತಗೊಳ್ಳಿ. ಮಂಗಳವಾರ, ಗುರುವಾರ ನಾನು."

"ಶುಕ್ರವಾರ?"

"ಶುಕ್ರವಾರ ಅವಳು ಸ್ವಲ್ಪ ಮೆತ್ತಗಿರ್ತಾಳೆ. ಸರದಿ ಮೇಲೆ ಇಟ್ಕೊಳ್ಳೋಣ."

"ಭಾನುವಾರ ನಿಮ್ಮ ಚರ್ಚಲ್ಲಿ ಸಿಗ್ತಾಳೆ, ಹಾಗಾಗಿ ಶನಿವಾರ ನನಗೆ ಬಿಡಿ" ಎಂದಳು ಮರ್ಲಿಸ್.

"ಆಗಲಿ. ನ್ಯಾಯ ನ್ಯಾಯವೇ."

ಇಬ್ಬರು ಹೆಂಗಸರೂ ಕೈ ಕುಲುಕಿಕೊಂಡರು. ವರ್ಡೆಲ್ ಅವರ ಹಿಂದೆಯೇ ನಿಂತಿದ್ದಳು, ಕೋಟಿನ ಮೇಲಿನ ಗುಂಡಿ ಹಾಕಿಕೊಳ್ಳುತ್ತ. ಅವಳಿಗೆ ಯಾವ ದಿನ ಅನುಕೂಲವೆಂದು ಇಬ್ಬರೂ ಕೇಳಲಿಲ್ಲ.